ಹಕ್ಕಿ, ಹಾವು, ಹುಳು: ಗುಂಪು ವಿಂಗಡಣೆ ಎಲ್ಲಿಯವರೆಗೆ ಬಂದಿದೆ

ಟೆಲಿಗ್ರಾಂನಲ್ಲಿರುವ ನಮ್ಮ ನಿಸರ್ಗಾಸಕ್ತರ ಗುಂಪನ್ನು ವಿಷಯವಾರು ವಿಂಗಡಿಸುವ ಕೆಲಸವನ್ನು ಮಳೆಗಾಲಕ್ಕೆ ಮುನ್ನ ಮುಗಿಸಬೇಕೆಂಬುದು ನಿರ್ವಾಹಕರ ಆಸೆ. ಮೊದಲ ಮಳೆ ಬಿತ್ತೆಂದರೆ ಹಾವು, ಅಣಬೆ, ಕಪ್ಪೆ, ಕಂಬಳಿಹುಳು ಎಲ್ಲವೂ ಒಟ್ಟಿಗೆ ಹೊರಬೀಳುತ್ತವೆ, ಬೆನ್ನಿಗೇ ಅವುಗಳ ಫೋಟೋಗಳೂ. ಬಚ್ಚಲುಮನೆಯಲ್ಲಿ ಹಾವು ಕಂಡವರ ಪ್ರಶ್ನೆ ಮಿಂಚುಳ್ಳಿಯ ಚಿತ್ರಗಳ ಮತ್ತು ಅವುಗಳಿಗೆ ಬಂದ ಚಪ್ಪಾಳೆಗಳ ಅಡಿಯಲ್ಲಿ ಹೂತುಹೋಗುವುದು ಇಲ್ಲಿ ಹೊಸದೇನಲ್ಲ.

ವಾಟ್ಸ್ಆ್ಯಪ್‌ಗೆ ಹೋಗಿ ಅಲ್ಲಿ ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರುವ ‘ಕಮ್ಯುನಿಟಿ’ ಮಾಡೋಣ ಎಂದವರಿದ್ದರು. ಅಲ್ಲಿ ಒಂದೊಂದು ಗುಂಪಿಗೂ ಪ್ರತ್ಯೇಕವಾಗಿ ಸೇರಬೇಕು. ಟೆಲಿಗ್ರಾಂ 2022ರ ಕೊನೆಯಲ್ಲಿ ತಂದ ‘ಟಾಪಿಕ್ಸ್’ ಸೌಲಭ್ಯದಲ್ಲಿ ಸದಸ್ಯತ್ವ ಒಂದೇ. ಒಳಗೆ ಕೋಣೆಗಳು ಹಲವು, ಬೇಡವಾದ ಕೋಣೆಯ ಸದ್ದನ್ನಷ್ಟೇ ಅಡಗಿಸಿಕೊಳ್ಳಬಹುದು. ಅದನ್ನೇ ಆರಿಸಿದೆವು.

ಹೇಗೆ ವಿಂಗಡಿಸಬೇಕು ಎಂಬುದರ ಮೇಲೆ ಮಾತ್ರ ದೊಡ್ಡ ಜಗಳವೇ ನಡೆಯಿತು. ಸಸ್ತನಿ, ಪಕ್ಷಿ, ಸರೀಸೃಪ, ಉಭಯಚರ, ಕೀಟ, ಸಸ್ಯ ಎಂದು ಪಠ್ಯಪುಸ್ತಕದ ಅಧ್ಯಾಯಗಳಂತೆ ಮಾಡೋಣ ಎಂಬುದು ಹಿರಿಯರೊಬ್ಬರ ಪಟ್ಟು. ನನ್ನ ವಾದ ಬೇರೆ: ಕೇಳುವವರಿಗೆ ಅದು ಯಾವ ವರ್ಗದ ಜೀವಿಯೆಂದು ಗೊತ್ತಿದ್ದರೆ ಅರ್ಧ ಪ್ರಶ್ನೆ ಮುಗಿದಂತೆಯೇ. ಉತ್ತರ ಎಷ್ಟು ಬೇಗ ಬೇಕು, ಯಾರು ಹೇಳಬಲ್ಲರು, ಹೇಳಲು ಏನು ಬೇಕು ಎಂಬುದರ ಮೇಲೆ ಗೋಡೆ ಎಬ್ಬಿಸಬೇಕು.

ಹಾವಿನ ವಿಭಾಗದಲ್ಲಿ ಇಬ್ಬರಿಗೂ ಒಮ್ಮತ. ಅದರ ನೆತ್ತಿಯ ಮೇಲೆ ಪಿನ್ ಮಾಡಿದ ಸಾಲು ಇದು: ‘ಕಚ್ಚಿದ್ದರೆ ಇಲ್ಲಿ ಕೇಳಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.’ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಕೊಡುವುದು ಒಂದೇ ಪ್ರತಿವಿಷ, ಆದ್ದರಿಂದ ಹೆಸರು ತಿಳಿಯುವವರೆಗೆ ಕಾಯಬೇಕಾಗಿಲ್ಲ. ಕಚ್ಚದ ಹಾವಿನ ಬಗ್ಗೆಯಾದರೆ ಉತ್ತರಿಸಲು ಅನುಮತಿ ಇರುವುದು ಹಾವು ಬಲ್ಲ ಕೆಲವರಿಗೆ ಮಾತ್ರ. ನಿರುಪದ್ರವಿ ತೋಳಹಾವನ್ನು ಕಟ್ಟುಹಾವೆಂದರೆ ಪಾಪ, ಅದು ಕೋಲಿನ ಏಟಿಗೆ ಸಾಯುತ್ತದೆ. ಕಟ್ಟುಹಾವನ್ನು ತೋಳಹಾವೆಂದರೆ ಮನುಷ್ಯನೇ ಸಾಯಬಹುದು. ಕಟ್ಟುಹಾವಿನ ಬಿಳಿ ಪಟ್ಟಿಗಳು ತಲೆಯಿಂದ ತುಸು ಹಿಂದೆ ಶುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ, ತೋಳಹಾವಿನಲ್ಲಿ ಕುತ್ತಿಗೆಯ ಬಳಿ ಎದ್ದುಕಂಡು ಬಾಲದತ್ತ ಮಸುಕಾಗುತ್ತವೆ. ಕಟ್ಟುಹಾವಿನ ಬೆನ್ನಿನ ನಡುಗೆರೆಯ ಉದ್ದಕ್ಕೂ ಆರು ಮೂಲೆಯ ದೊಡ್ಡ ಹುರುಪೆಗಳಿರುತ್ತವೆ. ದೂರದಿಂದ ಅಲುಗಾಡಿದ ಮೊಬೈಲ್ ಚಿತ್ರದಲ್ಲಿ ಇದೆಲ್ಲ ಕಾಣುವುದು ಅಪರೂಪ. ಆಗ ‘ಹೇಳಲಾಗದು, ದೂರವಿರಿ’ ಎಂಬುದೇ ಉತ್ತರ.

ಗಿಡಮರ ಮತ್ತು ಹುಳುಗಳನ್ನು ಬೇರ್ಪಡಿಸದೆ ಒಂದೇ ಕೋಣೆಯಲ್ಲಿಟ್ಟಿದ್ದೇವೆ. ಅಧ್ಯಾಯಪ್ರಿಯರಿಗೆ ಇದು ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತಿರುವ ಮರಿಹುಳುವಿನ ಗುರುತು ಅರ್ಧ ಆ ಕರಿಬೇವಿನಲ್ಲೇ ಇದೆ. ಎಕ್ಕದ ಮೇಲಿನ ಪಟ್ಟೆಪಟ್ಟೆ ಹುಳು ‘ಪ್ಲೇನ್ ಟೈಗರ್’ ಚಿಟ್ಟೆಯದು ಎನ್ನಲು, ನಂದಿಬಟ್ಟಲನ್ನು ಬೋಳು ಮಾಡಿದ ದಪ್ಪ ಹಸಿರು ಹುಳು ಯಾವ ಪತಂಗದ್ದು ಎನ್ನಲು ಮೊದಲು ಗಿಡ ಗೊತ್ತಾಗಬೇಕು. ಹೊಂಗೆ ಎಲೆಯ ಮೇಲಿನ ಗಂಟುಗಳ ಪ್ರಶ್ನೆ ವರ್ಷವಿಡೀ ಬರುತ್ತದೆ. ಕೇಳುವವರ ಪ್ರಕಾರ ಅದು ಮರದ ರೋಗ, ಅದನ್ನು ಮಾಡಿದ್ದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ, ಆ ನುಸಿಯೋ ಕೀಟವಲ್ಲ, ಜೇಡಗಳ ಬಂಧು. ಪಠ್ಯಪುಸ್ತಕದ ಲೆಕ್ಕದಲ್ಲಿ ಇದನ್ನು ಎಲ್ಲಿಗೆ ಕಳಿಸುವುದು?

ಹಕ್ಕಿಯವರಿಗೆ ಚಿತ್ರದ ಕೋಣೆ ಒಂದು. ಸ್ಥಳ ಮತ್ತು ತಿಂಗಳು ಬರೆಯದ ಚಿತ್ರಕ್ಕೆ ಉತ್ತರವಿಲ್ಲ, ಚಳಿಗಾಲದ ವಲಸೆ ಹಕ್ಕಿಗಳನ್ನು ಅವಿಲ್ಲದೆ ಗುರುತಿಸುವುದು ಕಷ್ಟ. ಕೂಗಿನ ಧ್ವನಿಮುದ್ರಣಗಳಿಗೆ ಬೇರೆಯೇ ಕೋಣೆ ಮಾಡಿ ಹೆಸರನ್ನು ‘ಕೇಳಿದ್ದು’ ಎಂದಷ್ಟೇ ಇಟ್ಟೆವು. ‘ಇದು ಯಾವ ಹಕ್ಕಿ’ ಎಂದು ಬರುವ ಸದ್ದುಗಳಲ್ಲಿ ಅಳಿಲು, ಜೀರುಂಡೆ, ಕಪ್ಪೆಗಳೂ ಇರುತ್ತವೆ, ಹೆಸರಿನಲ್ಲಿ ಹಕ್ಕಿಯನ್ನು ಸೇರಿಸಿದರೆ ಕಪ್ಪೆ ಬಲ್ಲವರು ಆ ಕಡೆ ತಲೆಯನ್ನೇ ಹಾಕುವುದಿಲ್ಲ.

ಅಣಬೆಗೆ ಒಂದೇ ನಿಯಮ: ಹೆಸರು ಕೇಳಬಹುದು, ತಿನ್ನಬಹುದೇ ಎಂದು ಕೇಳುವಂತಿಲ್ಲ.

ಹೊಸ ಕೋಣೆ ತೆರೆಯಲು ಮತದಾನ ಬೇಕೆಂಬ ಬೇಡಿಕೆಯೂ ಬಂದಿದೆ. ಇದಕ್ಕೆ ಹಳೆಯ ಉದಾಹರಣೆ ಯೂಸ್‌ನೆಟ್, ಅಂದರೆ ವೆಬ್ ಬರುವ ಮೊದಲೇ ಇದ್ದ ಕಂಪ್ಯೂಟರ್ ಚರ್ಚಾಗುಂಪುಗಳ ಜಾಲ. 1987ರಲ್ಲಿ ಅಲ್ಲಿನ ಗುಂಪುಗಳಿಗೆಲ್ಲ ಮರುನಾಮಕರಣ ಮಾಡಿ ಕಂಪ್ಯೂಟರ್, ವಿಜ್ಞಾನ, ಹವ್ಯಾಸ, ಸಮಾಜ ಮುಂತಾದ ಏಳು ಕವಲುಗಳಲ್ಲಿ ಹೊಂದಿಸಿದರು. ಮುಗಿಯದ ವಾಗ್ವಾದಗಳಿಗೆಂದೇ ‘ಟಾಕ್’ ಎಂಬ ಕವಲನ್ನು ಪ್ರತ್ಯೇಕವಾಗಿಟ್ಟದ್ದು ನನಗೆ ಬಹಳ ಹಿಡಿಸಿತು. ಹೊಸ ಗುಂಪು ಬೇಕಾದರೆ ಬೇಡವೆಂದವರಿಗಿಂತ ಬೇಕೆಂದವರು 100 ಮಂದಿ ಹೆಚ್ಚಿರಬೇಕು, ಜೊತೆಗೆ ಮೂರನೇ ಎರಡು ಭಾಗದ ಬಹುಮತವೂ ಬೇಕು ಎಂಬ ನಿಯಮ ಬಳಿಕ ಅಲ್ಲಿ ರೂಢಿಗೆ ಬಂತು. ನಮ್ಮ ಗಾತ್ರಕ್ಕೆ ಅಷ್ಟು ಬೇಡ. ಒಂದೇ ಬಗೆಯ ಪ್ರಶ್ನೆ ಪದೇಪದೇ ಬರುತ್ತಿರಬೇಕು, ಅದಕ್ಕೆ ಉತ್ತರಿಸಲು ಇಬ್ಬರಾದರೂ ಹೆಸರು ಕೊಡಬೇಕು, ಅಷ್ಟಾದರೆ ಸಾಕು. ಜೇಡಕ್ಕೆ ಒಬ್ಬರೇ ಇದ್ದಾರೆ, ಸದ್ಯಕ್ಕೆ ಅದು ಹುಳುಗಳ ಜೊತೆಯಲ್ಲೇ ಇರಲಿ.

‘ಟಾಕ್’ ಮಾದರಿಯಲ್ಲಿ ನಾವೂ ಒಂದು ಹರಟೆಯ ಕೋಣೆ ತೆರೆದೆವು. ಶುಭೋದಯ, ಕ್ಯಾಮೆರಾ ಲೆನ್ಸಿನ ಚರ್ಚೆ, ಬೀದಿನಾಯಿ ವಿವಾದ ಎಲ್ಲವೂ ಅಲ್ಲಿಗೆ. ನಿರೀಕ್ಷೆಯಂತೆ ಅತಿ ಹೆಚ್ಚು ಜನ ಅಲ್ಲೇ ಇದ್ದಾರೆ.

ಬಾಕಿ ಉಳಿದಿರುವುದು: ಹಳೆಯ ಉತ್ತಮ ಉತ್ತರಗಳನ್ನು ಹುಡುಕಿ ಆಯಾ ಕೋಣೆಗೆ ಫಾರ್ವರ್ಡ್ ಮಾಡುವುದು, ಅದರಲ್ಲಿ ಹಾವಿನದು ಮಾತ್ರ ಮುಗಿದಿದೆ. ಫೆಬ್ರವರಿಯ ಹಕ್ಕಿ ಎಣಿಕೆಯ ನಾಲ್ಕು ದಿನಗಳಿಗೆ ತಾತ್ಕಾಲಿಕ ಕೋಣೆ ತೆರೆದು ಮುಚ್ಚುವ ಏರ್ಪಾಡು ಮುಂದಿನ ಸಭೆಗೆ ಬರಲಿದೆ. ಜೇಡದ ವಿಭಾಗಕ್ಕೆ ಇನ್ನೊಬ್ಬರು ಬೇಕಾಗಿದ್ದಾರೆ.