ಗುಡ್ಡದ ನೀರಿಗೂ ದಾರಿ ಬೇಕು

ಕುಮಟಾ ತಾಲ್ಲೂಕಿನಲ್ಲಿರುವ ದೊಡ್ಡಪ್ಪನ ಮನೆಯ ಹಿಂದಿನ ಧರೆಯನ್ನು, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಮುಖವನ್ನು, ಪರೀಕ್ಷಿಸಲು ಕಳೆದ ಮೇ ತಿಂಗಳಿನಲ್ಲಿ ಹೋಗಿದ್ದೆ. ಊರಿನ ರಸ್ತೆಯನ್ನು ಅಗಲಗೊಳಿಸುವಾಗ ಗುಡ್ಡದ ಬುಡವನ್ನು ಜೆಸಿಬಿಯಿಂದ ನೆಟ್ಟಗೆ ಕಡಿದಿದ್ದರು. ಹೊಸ ರಸ್ತೆ ನಿಜಕ್ಕೂ ಬೇಕಾಗಿತ್ತು; ಮಳೆಗಾಲದಲ್ಲಿ ಆಂಬುಲೆನ್ಸ್ ಬಾರದ ಊರಿನ ಕಷ್ಟವನ್ನು ನಾನು ಕಂಡವನು. ಆದರೆ ಅಂಕೋಲಾದಿಂದ ಅಲ್ಲಿಗೆ ಹೋಗುವ ದಾರಿಯಲ್ಲೇ ಶಿರೂರು ಇದೆ. 2024ರ ಜುಲೈ 16ರಂದು ಭಾರಿ ಮಳೆಯ ನಡುವೆ ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜಾರಿ ಗಂಗಾವಳಿ ನದಿಗೆ ಬಿದ್ದಾಗ, ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತ್ತು. ಆ ತಿರುವನ್ನು ದಾಟಿ ಬಂದವನಿಗೆ ಮನೆಯ ಹಿಂದಿನ ಧರೆಯನ್ನು ಹಗುರವಾಗಿ ಕಾಣಲು ಸಾಧ್ಯವಿರಲಿಲ್ಲ.

ಕಡಿದ ಮುಖದಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಬಿಳಿ ಮತ್ತು ನಸುಗೆಂಪು ಪಟ್ಟೆಗಳ ಶೇಡಿ ಮಣ್ಣು ಕಾಣುತ್ತಿತ್ತು. ಕರಾವಳಿಯಲ್ಲಿ ಮನೆ, ರಸ್ತೆ ಕಟ್ಟುವವರೆಲ್ಲರೂ ಎಚ್ಚರದಿಂದಿರಬೇಕಾದ ಮಣ್ಣು ಇದು. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ಆದ್ದರಿಂದಲೇ ಬೇಸಿಗೆಯಲ್ಲಿ ಕಡಿದವರಿಗೆ ಧೈರ್ಯ ಬರುತ್ತದೆ. ನೀರು ಕುಡಿದ ಮೇಲೆ ಅದರ ಬಲ ಬಹುಪಾಲು ಇಳಿದುಹೋಗುತ್ತದೆ. ಬುಡದ ಆಸರೆಯನ್ನು ತೆಗೆದ ಮೇಲೆ, ಒಳಗೆ ಸೇರಿದ ನೀರಿನ ಒತ್ತಡ ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸಿದರೆ, ಮೇಲಿನ ಕಲ್ಲಿನ ಪದರವೂ ಅದರೊಂದಿಗೆ ಜಾರಿ ಬರುತ್ತದೆ. ಮಳೆ ಇನ್ನೂ ಶುರುವಾಗದ ಆ ದಿನವೂ ಒಂದು ಕಡೆ ಧರೆ ತೇವವಾಗಿತ್ತು.

"ಮೊದಲು ಮೇಲಿನ ನೀರೆಲ್ಲ ಆಚೆ ಹಳ್ಳಕ್ಕೆ ಹೋಗ್ತಿತ್ತು. ಈಗ ಮಣ್ಣು ಸುರಿದು ಆ ದಾರಿ ಮುಚ್ಚಿದಾರೆ," ಎಂದರು ದೊಡ್ಡಪ್ಪ. ಇಬ್ಬರೂ ಗುಡ್ಡ ಹತ್ತಿ ನೋಡಿದೆವು. ಗೇರುಮರಗಳನ್ನು ಕಡಿದ ಜಾಗದಲ್ಲಿ ಅಗೆದ ಮಣ್ಣಿನ ರಾಶಿ ಬಿದ್ದಿತ್ತು, ಹಳ್ಳದ ಬಾಯಿ ಅದರ ಅಡಿಯಲ್ಲಿತ್ತು.

ಗುತ್ತಿಗೆದಾರರ ಅಂದಾಜು ಪಟ್ಟಿಯಲ್ಲಿ ಕಲ್ಲಿನ ತಡೆಗೋಡೆಗೆ ಹಣವಿತ್ತು, ಮೇಲಿನ ಚರಂಡಿಗೆ ಇರಲಿಲ್ಲ. ನನ್ನನ್ನು ತೀವ್ರವಾಗಿ ಕಾಡಿದ ಸಂಗತಿ ಇದೇ. ರಸ್ತೆಯ ಅಗಲ, ಉದ್ದ, ದಪ್ಪಗಳನ್ನು ಪೈಸೆ ಬಿಡದೆ ಲೆಕ್ಕ ಹಾಕುವ ನಾವು, ಶತಮಾನಗಳಿಂದ ಹರಿದ ನೀರಿನ ಜಾಡನ್ನು ಕಾಮಗಾರಿಯ ಭಾಗವೆಂದೇ ಎಣಿಸುವುದಿಲ್ಲ. ಹಿಂಬದಿಗೆ ಜಲ್ಲಿ ತುಂಬದ, ನೀರು ಹೊರಬರಲು ತೂತುಗಳಿಲ್ಲದ ತಡೆಗೋಡೆ ಆ ನೀರನ್ನು ಹಿಡಿದಿಟ್ಟು ಅಪಾಯವನ್ನು ಹೆಚ್ಚಿಸುತ್ತದೆ.

ಮೊದಲು ಹಳ್ಳವನ್ನು ತೆರೆಯುವುದು, ಧರೆಯನ್ನು ಮೆಟ್ಟಿಲುಗಳಾಗಿ ಇಳಿಜಾರು ಮಾಡುವುದು, ಆ ಬಳಿಕವಷ್ಟೇ ಗೋಡೆ ಕಟ್ಟುವುದು ಎಂಬ ಕ್ರಮವನ್ನು ನಕ್ಷೆಯೊಂದಿಗೆ ಬರೆದುಕೊಟ್ಟೆ. ದೊಡ್ಡಪ್ಪ ಅದನ್ನು ಅರ್ಜಿಯೊಡನೆ ಪಂಚಾಯಿತಿಗೆ ಸಲ್ಲಿಸಿದರು. ಉತ್ತರಕ್ಕೆ ಕಾಯದೆ, ಮಳೆಗೆ ಮುನ್ನ ಅಕ್ಕಪಕ್ಕದ ಮನೆಯವರೊಂದಿಗೆ ಸೇರಿ ಹಳ್ಳದ ಬಾಯಿಯ ಮಣ್ಣನ್ನು ತೆಗೆಸಿದರು. ಧರೆಯ ಇಳಿಜಾರು ಇನ್ನೂ ಆಗಬೇಕಿದೆ.