‘ಅಲ್ಲಾ, ಅದನ್ನ ಇಡೋದೆಲ್ಲಿ?’ ಅನ್ನುವವರಿಗೆ

ಕೊಟ್ಟಿಗೆಯಲ್ಲಿ. ಎಲ್ಲರೂ ಕೇಳುವ ನನ್ನ ಹಳೇ ಕಾರು ಇರುವುದು ಅಲ್ಲಿ, ಉತ್ತರ ಅಷ್ಟೇ. ಇಷ್ಟಕ್ಕೇ ಸಮಾಧಾನ ಆದವರು ಇಲ್ಲಿಂದಲೇ ಹೊರಡಬಹುದು, ಬೇಜಾರಿಲ್ಲ.

ಉಳಿದವರಿಗೆ ಸ್ವಲ್ಪ ಹಿನ್ನೆಲೆ. ನಾನಿರುವುದು ಡೆಟ್ರಾಯಿಟ್ ಹತ್ತಿರ, ಒಂದೇ ಕಾರು ಹಿಡಿಯುವ ಗ್ಯಾರೇಜಿನ ಟೌನ್‌ಹೌಸ್‌ನಲ್ಲಿ. ಯಾರೋ ಹಳೇ ಡೈನಿಂಗ್ ಟೇಬಲ್ ಮಾರುತ್ತಿದ್ದಾರೆ ಅಂತ ನೋಡಲು ಹೋದವನು, ಅದೇ ಮನೆಯ ಶೆಡ್ಡಿನಲ್ಲಿದ್ದ 1964ರ ಶೆವರ್ಲೆ ಇಂಪಾಲಾಗೆ ಅಡ್ವಾನ್ಸ್ ಕೊಟ್ಟು ಬಂದೆ. ವಿ8 ಎಂಜಿನ್, ನಾಲ್ಕು ಬಾಗಿಲು, ಹಿಂದೆ ಎಡಕ್ಕೆ ಮೂರು ಬಲಕ್ಕೆ ಮೂರು ದುಂಡಗಿನ ದೀಪ. ಶೆವರ್ಲೆಯವರದೇ ಇನ್ನೊಂದು ಮಾಡೆಲ್, ಅದೇ ವರ್ಷದ ಬೆಲ್ ಏರ್‌ಗೆ ಎರಡೆರಡೇ ದೀಪ, ಗೊತ್ತಿರಲಿ. ಯೋಚನೆ ಮಾಡಿ ತಗೊಂಡೆಯಾ ಅಂದರೆ, ಇಲ್ಲ. ಯೋಚನೆ ಮಾಡಿದ್ದರೆ ಮನೆಗೆ ಟೇಬಲ್ ಬರುತ್ತಿತ್ತು.

ಕಳೆದ ದೀಪಾವಳಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಿದ್ದೆ. ಹಿರಿಯರೊಬ್ಬರು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಇಡೀ ಹಾಲಿಗೆ ಕೇಳುವ ಹಾಗೆ, "ಏನಪ್ಪಾ, ಯಾವ್ದೋ ಹಳೇ ಗಾಡಿ ತಗೊಂಡಿದ್ದೀಯಂತೆ, ಇಡೋದೆಲ್ಲಿ ಅದನ್ನ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಇನ್ನೊಬ್ಬರು, "ಅದೇ ದುಡ್ಡಿಗೆ ಮೈಸೂರಲ್ಲಿ ಒಂದು ಸೈಟು ತಗೋಬಹುದಿತ್ತು" ಅಂದರು. ಆ ದುಡ್ಡಿಗೆ ಮೈಸೂರಲ್ಲಿ ಸೈಟಿನ ಕಾಂಪೌಂಡೂ ಏಳುವುದಿಲ್ಲ ಅಂತ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ನನ್ನ ಹೆಂಡತಿ ನಗುತ್ತಾ, "ಕೊಟ್ಟಿಗೇಲಿ ಕಟ್ಟಿದ್ದೀವಿ ಅಂಕಲ್" ಅಂದಳು. ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು.

ಆ ಹಿರಿಯರ ಮನೆಗೆ ನಾನು ಹೋಗಿದ್ದೇನೆ. ಅವರ ಗ್ಯಾರೇಜಿನಲ್ಲಿ ಟ್ರೆಡ್‌ಮಿಲ್ ಇದೆ, ಹಳೇ ಸೋಫಾ ಇದೆ, ಊರಿಂದ ತಂದು ಇನ್ನೂ ಬಿಚ್ಚದ ಪೆಟ್ಟಿಗೆಗಳಿವೆ. ಅವರ ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತದೆ. ಇಡೋದೆಲ್ಲಿ ಅಂತ ಅವರನ್ನು ಯಾರಾದರೂ ಕೇಳಿದ್ದಾರಾ?

ಸರಿ, ಗ್ಯಾರೇಜಿನ ವಿಷಯ. ಇಂಪಾಲಾ ಹತ್ತಿರ ಹತ್ತಿರ ಹದಿನೇಳೂವರೆ ಅಡಿ ಉದ್ದ. ನಮ್ಮ ಅಂಬಾಸಿಡರ್ ಹದಿನಾಲ್ಕು ಅಡಿ ಚಿಲ್ಲರೆ. ನಮ್ಮ ಗ್ಯಾರೇಜ್ ಕಾಗದದ ಮೇಲೆ 20 ಅಡಿ ಇದೆ, ಆದರೆ ಅದರಲ್ಲಿ ಒಳಗೆ ಹತ್ತುವ ಮೆಟ್ಟಿಲು, ವಾಟರ್ ಹೀಟರ್ ಎಲ್ಲ ಸೇರಿದೆ. ಮುಂದಿನ ಬಂಪರ್ ಮೆಟ್ಟಿಲಿಗೆ ತಾಗುವ ತನಕ ನುಗ್ಗಿಸಿ ಬಟನ್ ಒತ್ತಿದೆ. ಬಾಗಿಲು ನಿಧಾನಕ್ಕೆ ಇಳಿಯಿತು, ಹಿಂದಿನ ಬಂಪರ್ ಮುಟ್ಟಿತು, ಮತ್ತೆ ಮೇಲಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದರೂ ಅದೇ. ಎರಡು ಬೆರಳಿನಷ್ಟು ಜಾಗ ಕಮ್ಮಿ, ಅಷ್ಟೇ. ರಸ್ತೆಯಲ್ಲಿ ಬಿಡೋಣ ಅಂದರೆ ಅಲ್ಲಿ ನಿಲ್ಲಿಸಬಾರದು ಅಂತ ನಮ್ಮ ಟೌನ್‌ಹೌಸ್ ಅಸೋಸಿಯೇಷನ್‌ನವರ ಕಾಗದ ಬಂತು, ಕಾರಿಗಿಂತ ಮುಂಚೆ ಅವರೇ ರೆಡಿಯಾಗಿದ್ದ ಹಾಗೆ.

ಈಗ ಬೇಸಿಗೆಯಲ್ಲಿ ಎರಡು ಬೀದಿ ಆಚೆ ಒಬ್ಬ ಅಜ್ಜಿಯ ಖಾಲಿ ಗ್ಯಾರೇಜ್. ಬಾಡಿಗೆ ಬದಲು ಅವರ ಅಂಗಳದ ಹುಲ್ಲು ಕತ್ತರಿಸಿ ಕೊಡುತ್ತೇನೆ. ಚಳಿಗಾಲಕ್ಕೆ ಕೌಂಟಿ ಫೇರ್, ಅಂದರೆ ಇಲ್ಲಿನ ಜಿಲ್ಲಾ ಜಾತ್ರೆಯ ಮೈದಾನ. ಬೇಸಿಗೆಯ ಜಾತ್ರೆಗೆ ದನ, ಹಂದಿ, ಕುರಿ ನಿಲ್ಲಿಸುವ ದೊಡ್ಡ ಶೆಡ್‌ಗಳು ಚಳಿಗಾಲದಲ್ಲಿ ಖಾಲಿ ಇರುತ್ತವೆ, ಅದಕ್ಕೆ ದೋಣಿಗೆ, ಹಳೇ ಕಾರಿಗೆ ಬಾಡಿಗೆಗೆ ಕೊಡುತ್ತಾರೆ. ಅಡಿ ಲೆಕ್ಕದ ಬಾಡಿಗೆ. ಅಕ್ಟೋಬರ್‌ನಲ್ಲಿ ಒಳಗೆ ಹೋದರೆ ಏಪ್ರಿಲ್‌ವರೆಗೆ ಹೊರಗೆ ತರುವ ಹಾಗಿಲ್ಲ, ಒಂದರ ಹಿಂದೆ ಒಂದು ಒತ್ತಾಗಿ ನಿಲ್ಲಿಸಿರುತ್ತಾರೆ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಜರ್ ಹಾಕಿ, ಇಲಿ ನುಗ್ಗದ ಹಾಗೆ ಸೈಲೆನ್ಸರ್ ಪೈಪಿಗೆ ಸ್ಟೀಲ್ ವುಲ್ (ಉಕ್ಕಿನ ನಾರು) ತುರುಕಿ ಬರಬೇಕು. ಸೀಟಿಗೆ ಸ್ವಲ್ಪ ಸಗಣಿ ವಾಸನೆ ಹಿಡಿಯುತ್ತದೆ. ನನಗೇನೂ ತೊಂದರೆಯಿಲ್ಲ, ಹಳ್ಳಿಯವನು.

ಚಳಿಗಾಲದಲ್ಲೂ ಓಡಿಸಬಾರದಾ ಅಂತ ಕೇಳುವವರಿಗೆ: ಉಪ್ಪು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಕಾರಿನ ಹೊಟ್ಟೆ ತಿಂದು ಹಾಕುತ್ತದೆ. ಡೆಟ್ರಾಯಿಟ್ ಊರಿನ ಕೆಳಗೆ, ಸಾವಿರ ಅಡಿಗೂ ಜಾಸ್ತಿ ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಮೇಲೆ ಕಾರು ಮಾಡಿದ ಊರು, ಕೆಳಗೆ ಕಾರು ತಿನ್ನುವ ಉಪ್ಪು.

ಇಷ್ಟೆಲ್ಲ ಕೇಳುತ್ತೀರಲ್ಲ, ಒಬ್ಬರಾದರೂ "ಬ್ರೇಕ್ ಹಿಡಿಯುತ್ತಾ?" ಅಂತ ಕೇಳಿದ್ದೀರಾ? ಕೇಳಬೇಕಾಗಿದ್ದು ಅದು. ಒಂದೂವರೆ ಟನ್ನಿನ ಗಾಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಆಗ ಬ್ರೇಕ್ ಎಣ್ಣೆ ಹರಿಯುವುದಕ್ಕೆ ಒಂದೇ ಸರ್ಕ್ಯೂಟ್. ಯಾವುದೋ ಒಂದು ಪೈಪು ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಶೆವರ್ಲೆಯವರು ಮುಂದಿನ ಚಕ್ರಗಳಿಗೆ ಬೇರೆ, ಹಿಂದಿನ ಚಕ್ರಗಳಿಗೆ ಬೇರೆ ಸರ್ಕ್ಯೂಟ್ ಅಂತ ಮಾಡಿದ್ದು 1967ರ ಮಾಡೆಲ್‌ಗಳಲ್ಲಿ. ನಾನು ಮೊದಲು ದುಡ್ಡು ಸುರಿದದ್ದು ಪೇಂಟಿಗಲ್ಲ, ಇದಕ್ಕೆ. ಪೈಪುಗಳನ್ನೆಲ್ಲ ಬದಲಿಸಿ, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಹಾಕಿಸಿದೆ. ಈಗಲೂ ಪೆಡಲ್ ಒತ್ತಿದರೆ ಮೊದಲ ಒಂದಿಂಚು ಏನೂ ಆಗುವುದಿಲ್ಲ. ಆಮೇಲೆ ಮೂತಿ ತಗ್ಗುತ್ತದೆ, ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಆಮೇಲೆ ನಿಲ್ಲುತ್ತದೆ. ಮಳೆಯಲ್ಲಿ ಡ್ರಮ್ಮಿಗೆ ನೀರು ಹೋದರೆ ಇನ್ನೂ ನಿಧಾನ. ಅದಕ್ಕೇ ಮುಂದಿನ ಕಾರಿಗೂ ನನಗೂ ನಡುವೆ ತುಂಬಾ ಜಾಗ ಬಿಡುತ್ತೇನೆ. ಆ ಜಾಗಕ್ಕೆ ಯಾರಾದರೊಬ್ಬರು ಬಂದು ನುಗ್ಗೇ ನುಗ್ಗುತ್ತಾರೆ.

ನಮ್ಮ ಮಿಚಿಗನ್ ರಾಜ್ಯದಲ್ಲಿ 25 ವರ್ಷ ದಾಟಿದ ಕಾರಿಗೆ ಹಿಸ್ಟಾರಿಕ್ ನಂಬರ್ ಪ್ಲೇಟ್ ತಗೊಂಡರೆ ದಿನಾ ಅಂಗಡಿ, ಆಫೀಸಿಗೆ ಓಡಿಸುವ ಹಾಗಿಲ್ಲ. ಶೋ, ಮೆರವಣಿಗೆ ಅಂಥದ್ದಕ್ಕೆ ಮಾತ್ರ. ಆದರೆ ಆಗಸ್ಟ್ ತಿಂಗಳು ಪೂರ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು, ಕಾನೂನಿನಲ್ಲೇ ಹಾಗಿದೆ. ಅದೇ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೇ ಕಾರುಗಳ ಸಾಲು, 1995ರಲ್ಲಿ ಶುರುವಾದದ್ದು. ಬರುವವರು ಬನ್ನಿ. ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕಿದೆ, ಮೂರು ಜನ ಕೂರಬಹುದು. ಎಸಿ ಇಲ್ಲ.

ಇನ್ನು, ಎಷ್ಟು ಕೊಡುತ್ತೆ ಅಂತ ಕೇಳುವವರಿಗೆ ಬೇರೆ ಬರೆಯುವುದಿಲ್ಲ. ಲೀಟರಿಗೆ ಐದಾರು ಕಿಲೋಮೀಟರ್. ಇಳಿಜಾರಿನಲ್ಲಿ ಆರು.