‘ನೋಡುವ’ ಅಂದ್ರೆ ಬೇಡ

ನಮ್ಮ ಉಡುಪಿ ಕಡೆ ಯಾರೂ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನುವುದಿಲ್ಲ. ‘ನೋಡುವ’ ಅನ್ನುತ್ತಾರೆ. ನಾನೇ ಇನ್ಶೂರೆನ್ಸ್ ಏಜೆಂಟರಿಗೆ ಎಷ್ಟು ಸಲ ಹಾಗೆ ಹೇಳಿಲ್ಲ! ಆದರೆ ಅಡಿಕೆ ಹಾಳೆ ತಟ್ಟೆಯ ಯೂನಿಟ್ ಹಾಕಿದ ಮೇಲೆ ಅದು ಮರೆತೇ ಹೋಯಿತು. ‘ನೋಡುವ’ ಎಂದವರ ಹೆಸರನ್ನೆಲ್ಲ ಡೈರಿಯಲ್ಲಿ ಬರೆದು, ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಾದ್ಯಂತ ನಿಷೇಧ ಬಂತಲ್ವಾ? ಇನ್ನು ಆರ್ಡರ್ ತಾನಾಗಿ ಹುಡುಕಿಕೊಂಡು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಅದೇ ತಿಂಗಳು ಒಂದು ದಿನ ರೈನ್‌ಕೋಟ್ ಹಾಕಿಕೊಂಡು, ಸ್ಯಾಂಪಲ್ ಚೀಲ ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೊರಟೆ. ಕಲ್ಸಂಕದಲ್ಲಿ ಒಂದು ‘ನೋಡುವ’. ಮಣಿಪಾಲದಲ್ಲಿ ಎರಡು.

ಸಂತೆಕಟ್ಟೆ ಹತ್ತಿರ ಒಬ್ಬ ಹಿರಿಯ ಅಡುಗೆಯವರು. ಮದುವೆ, ಉಪನಯನದ ಅಡುಗೆ ಹಿಡಿಯುವವರು. ನಾನು ಶುರು ಮಾಡಿದೆ: ಅಂಟಿಲ್ಲ, ಬಣ್ಣವಿಲ್ಲ, ಅಡಿಕೆ ಹಾಳೆ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತುವುದು ಅಷ್ಟೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಒಳಗಿಂದ ಒಂದು ಸೌಟು ಬಿಸಿ ಸಾರು ತಂದು ತಟ್ಟೆಗೆ ಸುರಿದರು. ಅಡಿಗೆ ಬೆರಳಿಟ್ಟು ಸವರಿದರು. ಸೋರಲಿಲ್ಲ. ನಾನು ಉಸಿರು ಬಿಟ್ಟೆ. ಆಮೇಲೆ ಅವರು ಬಗ್ಗಿ ಮೂಸಿದರು.

“ಬೇಡ ಮಾರಾಯ್ರೆ. ಮುಗ್ಗಲು ವಾಸನೆ. ನಮ್ಮ ಸಾರಿನ ಮರ್ಯಾದೆ ಹೋಗ್ತದೆ.”

ಕಿವಿ ಬಿಸಿಯಾಯಿತು. ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಹುಡುಗ ಬೇರೆ ನಕ್ಕ. ವಾದ ಮಾಡಬೇಕು ಅನ್ನಿಸಿತು. ಸುಮ್ನೆ ನಾನೂ ಮೂಸಿ ನೋಡಿದೆ. ಇತ್ತು. ಶೆಡ್ಡಿನಲ್ಲಿ ದಿನವಿಡೀ ಅದೇ ಗಾಳಿ ಕುಡಿಯುವ ನನ್ನ ಮೂಗಿಗೆ ಅದು ಯಾವತ್ತೂ ತಿಳಿದಿರಲಿಲ್ಲ.

ತಪ್ಪು ನನ್ನದೇ. ಹಾಳೆಯನ್ನು ಬೇಸಿಗೆಯಲ್ಲೇ ಒಟ್ಟು ಮಾಡಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕಟ್ಟಿಡಬೇಕು. ನಾನು ಅಗ್ಗಕ್ಕೆ ಸಿಕ್ಕಿತೆಂದು ಮಳೆ ತಾಗಿದ ಹಾಳೆ ಕೊಂಡಿದ್ದೆ. ‘ನೋಡುವ’ ಎಂದವರೂ ಇದನ್ನೇ ಮೂಸಿರಬೇಕು. ಪಾಪ, ಮರ್ಯಾದೆಗೆ ಹೇಳಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಡೈರಿಯ ‘ನೋಡುವ’ಗಳಿಗೆಲ್ಲ ಅಡ್ಡಗೆರೆ ಎಳೆದೆ. ಈಗ ಎರಡನೇ ಸಲ ‘ನೋಡುವ’ ಬಂದರೆ ನಾನೇ ಕೇಳುತ್ತೇನೆ, “ಎಂತ ಸರಿ ಇಲ್ಲ ಹೇಳಿ, ಬೇಸರ ಇಲ್ಲ.” ಬೇಸರ ಆಗಿಯೇ ಆಗುತ್ತದೆ, ಅದು ಬೇರೆ ವಿಷಯ.

ಮುಂದಿನ ಬೇಸಿಗೆಯ ಹಾಳೆಯಿಂದ ಮಾಡಿದ ತಟ್ಟೆ ಹಿಡಿದು ಅದೇ ಅಡುಗೆಯವರಲ್ಲಿಗೆ ಹೋದೆ. ಮತ್ತೆ ಸಾರು, ಮತ್ತೆ ಬೆರಳು, ಮತ್ತೆ ಮೂಗು.

“ವಾಸನೆ ಇಲ್ಲ,” ಎಂದರು. ನಾನು ಬಿಲ್ ಪುಸ್ತಕ ತೆಗೆದೆ.

“ರೇಟು ಜಾಸ್ತಿ ಆಯ್ತು.”